ಕಂಡಕ್ಟರ್ ಅಕ್ಕ ಕಾದ ಸಿನಿಮಾ

ನಾಲ್ಕು ದಿನದ ಹಿಂದೆ ಬೆಳಿಗ್ಗೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಬೆನ್ನ ಹಿಂದಿನಿಂದ ಹಸಿ ಮೈದಾ ಅಂಟಿನ ವಾಸನೆ ಬಂತು. ತುಸು ಹುಳಿ, ತುಸು ಬೆಚ್ಚಗಿನ ವಾಸನೆ. ತಿರುಗಿ ನೋಡಿದೆ. ಆಗಷ್ಟೇ ಯಾರೋ ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚಿ ಹೋಗಿದ್ದರು. ಅಂಚುಗಳಿಂದ ಅಂಟು ಇನ್ನೂ ಇಳಿಯುತ್ತಿತ್ತು. ಉರಿಯುವ ಆಕಾಶ, ಅದರ ಕೆಳಗೆ ಬಿಳಿ ಕುದುರೆ, ಕುದುರೆಯ ಪಕ್ಕದಲ್ಲಿ ಕೋಲು ಹಿಡಿದ ಹೆಣ್ಣು. ದಪ್ಪ ಅಕ್ಷರದಲ್ಲಿ ‘ಎರಡನೆಯ ಭಾಗ’ ಎಂದಿತ್ತು. ಅದಕ್ಕೂ ಕೆಳಗೆ ಸಿಂಧನೂರಿನ ಟಾಕೀಸಿನ ಹೆಸರು, ಬರುವ ಶುಕ್ರವಾರ.

ನನ್ನ ಬಸ್ಸು ಬಂದು ನಿಂತು ಹೊರಟೂಹೋಯಿತು. ನಾನು ಹತ್ತಲಿಲ್ಲ. ಇಷ್ಟು ವರ್ಷ ಈ ಒಂದು ಪೋಸ್ಟರಿಗಾಗಿ ಕಾದಿದ್ದೆ ಎನ್ನುವುದು ಅದನ್ನು ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಓಡಿಹೋಗಿ ಹೇಳಬೇಕು ಅನ್ನಿಸಿತು. ಹೇಳಬೇಕಾದವಳು ಒಬ್ಬಳೇ ಇದ್ದಳು... ಆಕೆ ಈಗಿಲ್ಲ.

ಆಕೆಯನ್ನು ನಾವೆಲ್ಲ ಕಂಡಕ್ಟರ್ ಅಕ್ಕ ಅನ್ನುತ್ತಿದ್ದೆವು. ಲಿಂಗಸುಗೂರಿನಿಂದ ಹೊರಟು ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸು ಆಕೆಯದು. ಅಪ್ಪ ಡ್ರೈವರ್ ಆಗಿದ್ದವರು, ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಮಗಳಿಗೆ ಆ ಕೆಲಸ ಸಿಕ್ಕಿತ್ತಂತೆ. ಲಿಂಗಸುಗೂರಿನಲ್ಲಿ ತಾಯಿಯ ಜೊತೆ ಇದ್ದಳು. ಗಿಡ್ಡನೆಯ ಮೈಕಟ್ಟು, ಎಣ್ಣೆ ಹಾಕಿ ಬಿಗಿದು ಕಟ್ಟಿದ ಜಡೆ, ಖಾಕಿ ಕೋಟಿನ ಕಿಸೆಯಲ್ಲಿ ಉಕ್ಕಿನ ಸೀಟಿ. ಧ್ವನಿ ಮಾತ್ರ ಆ ಮೈಗೆ ಹೊಂದದಷ್ಟು ದೊಡ್ಡದು. ಹಿಂದಿನ ಬಾಗಿಲಲ್ಲಿ ನಿಂತು ‘ಮುಂದ ಸರೀರಿ’ ಅಂದರೆ ಡ್ರೈವರನ ಪಕ್ಕದಲ್ಲಿ ಕುಳಿತವರೂ ಸರಿಯುತ್ತಿದ್ದರು.

ನಾನು ಪಾಮನಕಲ್ಲೂರಿನವಳು. ನಮ್ಮಪ್ಪನದು ಊರಲ್ಲಿ ಕಿರಾಣಿ ಅಂಗಡಿ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳದೆ ಅಂಗಡಿಯ ಬಾಗಿಲು ತೆಗೆಯದ ಮನುಷ್ಯ. ಸಿಂಧನೂರಿನಲ್ಲಿ ಬಿಎಸ್ಸಿಗೆ ಸೇರಿದಾಗ ನನಗೆ ಎರಡು ಬಸ್ಸಿನ ದಾರಿ. ಮೊದಲು ಮಸ್ಕಿ, ಅಲ್ಲಿಂದ ಕಂಡಕ್ಟರ್ ಅಕ್ಕನ ಬಸ್ಸು. ಮಾತು ನನಗೆ ಬರುತ್ತಿರಲಿಲ್ಲ. ಅಂದರೆ ಬಾಯಿ ಇತ್ತು, ಆದರೆ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ‘ಎಸ್ ಸರ್’ ಅನ್ನುವುದಕ್ಕೂ ಗಂಟಲು ಒಣಗುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಹಿಡಿದು ಕುಳಿತರೆ ಸಿಂಧನೂರಿನವರೆಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಸೇರಿದ ನಾಲ್ಕನೆಯ ದಿನವೋ ಐದನೆಯ ದಿನವೋ, ಮಸ್ಕಿ ದಾಟಿ ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟ ಮೇಲೆ, ಆಕೆ ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. “ನಿನ್ನೆ ಎಲ್ಲಿಗೆ ಬಿಟ್ಟಿದ್ನಿ?” ಎಂದು ಕೇಳಿದಳು. ಬುಟ್ಟಿ ಹಿಡಿದು ಕೆಳಗೆ ಕುಳಿತಿದ್ದ ಮುದುಕಿಯೊಬ್ಬಳು, “ಟಗರು ಸುಳ್ಳು ಹೇಳಿದಲ್ಲಿಗೆ,” ಅಂದಳು. ಆಕೆ ಕಥೆ ಮುಂದುವರಿಸಿದಳು. ನಾನು ಕಿಟಕಿಯಿಂದ ಮುಖ ತಿರುಗಿಸಿದ್ದು ಆಗ.

ಅದು ನಾಲ್ಕು ಸಂಪುಟದ ಒಂದು ಕಾದಂಬರಿ. ಬಸ್ಸಿನ ಹೆಂಗಸರು ಅದಕ್ಕೆ ‘ಇರುಳಿನ ಕಥಿ’ ಎಂದು ಹೆಸರಿಟ್ಟಿದ್ದರು. ಒಂದು ನಾಡಿನಲ್ಲಿ ರಾತ್ರಿಯೇ ಆಗುವುದಿಲ್ಲ. ಅಲ್ಲಿನ ರಾಣಿಯ ಮಗು ಒಂದು ರಾತ್ರಿ ಸತ್ತುಹೋಗಿರುತ್ತದೆ. ಆ ಸಿಟ್ಟಿಗೆ ಆಕೆ ಇರುಳನ್ನೆಲ್ಲ ಬಟ್ಟೆಯ ಹಾಗೆ ಮಡಿಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುತ್ತಾಳೆ. ಹೊತ್ತು ಮುಳುಗದೆ ಬೆಳೆ ಸುಡುತ್ತದೆ, ಜನಕ್ಕೆ ನಿದ್ದೆಯಿಲ್ಲ. ಕುರಿ ಕಾಯುವ ಒಬ್ಬ ಸೊಸೆ ಇರುಳನ್ನು ಹುಡುಕಿ ತರಲು ಹೊರಡುತ್ತಾಳೆ. ಜೊತೆಗೆ ಹಲ್ಲಿಲ್ಲದ ಅತ್ತೆ, ಮತ್ತು ಮಾತಾಡುವ ಒಂದು ಟಗರು. ಟಗರು ಬರೀ ಸುಳ್ಳು ಹೇಳುತ್ತದೆ; ಅದು ಹೇಳಿದ್ದರ ಉಲ್ಟಾ ಹಿಡಿದರೆ ದಾರಿ ಸಿಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲನ್ನು ಉಂಡವರಿಗೆ ಈ ಕಥೆಯಲ್ಲಿ ನಂಬದೇ ಇರುವಂಥದ್ದು ಏನೂ ಕಾಣಲಿಲ್ಲ.

ಆ ಪುಸ್ತಕಗಳು ಆಕೆಯ ಚರ್ಮದ ಚೀಲದಲ್ಲಿ, ಟಿಕೆಟ್ ಕಟ್ಟುಗಳ ಕೆಳಗೆ, ಒಂದೊಂದಾಗಿ ಪ್ರಯಾಣ ಮಾಡುತ್ತಿದ್ದವು. ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಎಷ್ಟು ಸಲ ಓದಿದ್ದಳೋ, ಹೇಳುವಾಗ ತೆರೆದು ನೋಡುತ್ತಿರಲಿಲ್ಲ. ಬುಟ್ಟಿಯ ಅಜ್ಜಿ ಕಾಲುವೆ ಸೀಮೆಗೆ ಭತ್ತ ನಾಟಿ ಮಾಡಲು ಕೂಲಿಗೆ ಹೋಗುತ್ತಿದ್ದವಳು, ಬಳಗಾನೂರು ಕ್ರಾಸಿನಲ್ಲಿ ಇಳಿದುಬಿಡುತ್ತಿದ್ದಳು. ಒಂದು ದಿನ ಇಳಿಯುವ ಮೊದಲು ಬಾಗಿಲಲ್ಲೇ ನಿಂತು ಜಗಳ ತೆಗೆದಳು.

“ನಾ ಇಳಿದ ಮ್ಯಾಲೆ ಏನಾತು ಅಂತ ನನಗ ಯಾರು ಹೇಳೋರು? ದಿನಾ ಅರ್ಧಾ ಕಥಿ ಹೊಟ್ಟ್ಯಾಗ ಇಟ್ಕೊಂಡು ನಾ ಕೆಸರಾಗ ಇಳಿಬೇಕೇನು?”

ಮರುದಿನದಿಂದ ಕಂಡಕ್ಟರ್ ಅಕ್ಕ ಪ್ರತಿದಿನದ ಕಥೆಯನ್ನು ಬಳಗಾನೂರು ಕ್ರಾಸಿಗೆ ಮೊದಲೇ ಮುಗಿಸುವಂತೆ ಕತ್ತರಿಸತೊಡಗಿದಳು. ಕ್ರಾಸಿನಿಂದ ಸಿಂಧನೂರಿನವರೆಗೆ ನಾವು ಕಾಲೇಜಿನ ಹುಡುಗಿಯರು ಎಷ್ಟು ಗೋಗರೆದರೂ ಒಂದಕ್ಷರ ಮುಂದೆ ಹೇಳುತ್ತಿರಲಿಲ್ಲ.

ಆ ಕಾದಂಬರಿ ಸಿನಿಮಾ ಆಗುತ್ತದೆ ಎನ್ನುವ ಸುದ್ದಿ ಬಂದದ್ದು ನಾನು ಮೊದಲ ವರ್ಷದಲ್ಲಿದ್ದಾಗ. ಮಸ್ಕಿಯಲ್ಲಿ ನಾನು ಹತ್ತುವಷ್ಟರಲ್ಲಿ ಪೇಪರಿನ ಆ ತುಂಡನ್ನು ಡ್ರೈವರನ ಹಿಂದಿನ ಗಾಜಿಗೆ ಅಂಟಿಸಿ ಆಗಿತ್ತು. ಆ ದಿನ ಆಕೆ ಕಥೆ ಹೇಳಲಿಲ್ಲ. ಬರೀ ಸಿನಿಮಾದ ಮಾತು. ಟಗರಿಗೆ ಯಾರ ಧ್ವನಿ ಕೊಡುತ್ತಾರೆ, ಅತ್ತೆಯ ಪಾತ್ರಕ್ಕೆ ಹಲ್ಲಿಲ್ಲದವಳು ಸಿಗುತ್ತಾಳೋ ಇಲ್ಲವೋ, ಮಡಿಚಿದ ಇರುಳನ್ನು ಬಿಚ್ಚುವುದನ್ನು ಹೇಗೆ ತೋರಿಸುತ್ತಾರೆ...

ನಾನು ಇಳಿಯುವಾಗ ಹೇಗೋ ಧೈರ್ಯ ಮಾಡಿ ಕೇಳಿದೆ. ಕಥೆ ಎಲ್ಲ ಗೊತ್ತಿದ್ದವರಿಗೆ ಸಿನಿಮಾ ಯಾಕೆ ಬೇಕು ಅಕ್ಕ, ಎಂದು. ಆಕೆ ಟಿಕೆಟ್ ಕಟ್ಟಿಗೆ ರಬ್ಬರ್ ಹಾಕುತ್ತಿದ್ದವಳು ತಲೆ ಎತ್ತಿದಳು.

“ಓದಾಕ ಬರೋರಿಗೆ ಪುಸ್ತಕ ಐತಿ. ಓದಾಕ ಬರಲಾರದೋರಿಗೆ ನಾ ಎಷ್ಟಂತ ಹೇಳ್ಲಿ? ಒಮ್ಮೆ ಎಲ್ಲಾರೂ ಕೂಡಿ ಕುಂತು ನೋಡೂಣು. ಇನ್ನೊಂದು ಐತಿ... ಇದನ್ನ ಓದುವಾಗ ನನಗ ಏನೇನೋ ಕಾಣತೈತಿ. ನನಗ ಕಂಡದ್ದು ಮತ್ತೊಬ್ಬರಿಗೂ ಕಂಡೈತೇನು ಅಂತ ನೋಡಬೇಕು.”

ಆವತ್ತೇ ಆಕೆ ನಿಶ್ಚಯ ಮಾಡಿಬಿಟ್ಟಳು. ಸಿಂಧನೂರಿನ ಟಾಕೀಸಿನಲ್ಲಿ ಮೊದಲ ದಿನ, ಮೊದಲ ಆಟ, ಬಸ್ಸಿನ ಹೆಂಗಸರೆಲ್ಲ ಹೋಗಬೇಕು. ಕೇಳಿದವರು ನಕ್ಕರು. ಮೊದಲ ದಿನದ ಮೊದಲ ಆಟ ಎಂದರೆ ನಮ್ಮ ಕಡೆ ಗಂಡಸರ ಜಾತ್ರೆ. ಪಟಾಕಿ, ಹಾಲಿನ ಅಭಿಷೇಕ, ಕುರ್ಚಿಯ ಮೇಲೆ ಕುಣಿತ. ಹೆಣ್ಣುಮಕ್ಕಳು ಆ ಕಡೆಯ ಫುಟ್‌ಪಾತಿನಲ್ಲೂ ನಡೆಯುವುದಿಲ್ಲ. ಆಕೆ ನಗಲಿಲ್ಲ.

ಸಿನಿಮಾ ಯುಗಾದಿಗೆ ಬರುತ್ತದೆ ಎಂದರು, ಬರಲಿಲ್ಲ. ದಸರೆಗೆ ಎಂದರು. ದಸರೆಯ ಹೊತ್ತಿಗೆ ಗ್ರಾಫಿಕ್ಸ್ ಮುಗಿದಿಲ್ಲ ಎಂದು ಪೇಪರಿನಲ್ಲಿ ಬಂತು. ಗಾಜಿಗೆ ಅಂಟಿಸಿದ್ದ ತುಂಡು ಬಿಸಿಲಿಗೆ ಹಳದಿಯಾಗಿ ಕೊನೆಗೆ ಚೂರುಚೂರಾಯಿತು. ಆಕೆ ಹೊಸ ತುಂಡು ಅಂಟಿಸಿದಳು. “ಅವರು ತಡಾ ಮಾಡಾಕತ್ತಾರಂದ್ರ ಚಲೋ ಮಾಡಾಕತ್ತಾರ,” ಎನ್ನುವಳು. ನಾಲ್ಕೂ ಸಂಪುಟ ಮುಗಿದಾಗ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹೊಸದಾಗಿ ಬಸ್ಸು ಹತ್ತುವವರು ಸಿನಿಮಾ ಬರುವ ಮೊದಲು ಕಥೆ ಕೇಳಿರಬೇಕು ಎನ್ನುವುದು ಆಕೆಯ ಹಟ.

ನನ್ನ ಎರಡನೆಯ ವರ್ಷದ ಚಳಿಗಾಲದಲ್ಲಿ ಆಕೆಯ ಧ್ವನಿ ಒಡೆಯಿತು. ಮೊದಲು ನೆಗಡಿ ಎಂದಳು. ಬಿಸಿನೀರಿನ ಬಾಟಲಿ ತಂದಿಟ್ಟುಕೊಂಡಳು. ಕಥೆ ಹೇಳುತ್ತಿದ್ದಂತೆ ಮಾತು ಮಧ್ಯದಲ್ಲಿ ಗಾಳಿಯಾಗಿಬಿಡುತ್ತಿತ್ತು. ತಿಂಗಳಾದರೂ ಇಳಿಯದಿದ್ದಾಗ ರಾಯಚೂರಿನ ದವಾಖಾನೆಗೆ ಹೋದಳು. ಗಂಟಲಲ್ಲಿ ಗಂಟು ಇತ್ತು. ಆಪರೇಷನ್ ಆಯಿತು. ಎರಡು ತಿಂಗಳು ಆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಬಂದ. ಒಳ್ಳೆಯವನೇ. ಆದರೆ ಮಸ್ಕಿಯಿಂದ ಸಿಂಧನೂರು ಅಷ್ಟು ದೂರ ಎಂದು ನನಗೆ ಮೊದಲ ಸಲ ಅನ್ನಿಸಿತು.

ಆಕೆ ತಿರುಗಿ ಬಂದಾಗ ಕೊರಳಿಗೆ ಹತ್ತಿ ಬಟ್ಟೆಯ ಪಂಜಿ ಸುತ್ತಿಕೊಂಡಿದ್ದಳು. ಧ್ವನಿ ಹೋಗಿತ್ತು. ಕಿವಿಗೆ ಬಾಯಿ ತಂದರೆ ಪಿಸುಮಾತು ಕೇಳುತ್ತಿತ್ತು, ಅಷ್ಟೇ. ಬಸ್ ನಿಲ್ದಾಣದ ಕಚೇರಿಯಲ್ಲಿ ಕುರ್ಚಿಯ ಕೆಲಸ ಕೊಡುತ್ತೇವೆ ಎಂದು ಮೇಲಿನವರು ಹೇಳಿದರಂತೆ. ಆಕೆ ಒಪ್ಪಲಿಲ್ಲ. ಟಿಕೆಟ್ ಕೊಡಲು ಕೈ ಸಾಕು, ಬಸ್ಸು ನಿಲ್ಲಿಸಲು ಸೀಟಿ ಸಾಕು ಎಂದು ಚೀಟಿ ಬರೆದು ಕೊಟ್ಟಳು. ಡ್ರೈವರ್ ಕೂಡ ಆಕೆಯ ಪರವಾಗಿ ಹೇಳಿದ. ಈ ಸಂಗತಿಯನ್ನು ಅವನೇ ನಮಗೆ ತಿಳಿಸಿದ್ದು.

ಆ ದಿನ ಬಸ್ಸು ಮಸ್ಕಿ ದಾಟಿತು. ಟಿಕೆಟ್ ಕೊಟ್ಟು ಮುಗಿಯಿತು. ಬುಟ್ಟಿಯ ಅಜ್ಜಿ ಸೆರಗಿನಿಂದ ಬುಟ್ಟಿಯ ಅಂಚು ಒರೆಸುತ್ತ ಕುಳಿತಿದ್ದಳು. ಕಂಡಕ್ಟರ್ ಅಕ್ಕ ಚೀಲದಿಂದ ಎರಡನೆಯ ಸಂಪುಟ ತೆಗೆದು, ನಾಲ್ಕು ಸೀಟು ದಾಟಿ ಬಂದು, ಅದನ್ನು ನನ್ನ ತೊಡೆಯ ಮೇಲಿಟ್ಟಳು. ಹಾಳೆ ಮಡಿಚಿದ್ದ ಜಾಗ ತೆರೆದು ಬೆರಳಿಟ್ಟು ತೋರಿಸಿದಳು.

ನಾನೇ ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ನನಗಿಂತ ಚೆನ್ನಾಗಿ ಮಾತಾಡುವ ಹುಡುಗಿಯರು ಆ ಬಸ್ಸಿನಲ್ಲಿ ಬಹಳ ಜನ ಇದ್ದರು. ನಾನು ತಲೆಯಾಡಿಸಿದೆ, ಆಗುವುದಿಲ್ಲ ಎಂದು. ಆಕೆ ಹೋಗಲಿಲ್ಲ. ಸೀಟಿನ ಕಂಬಿ ಹಿಡಿದು ಅಲ್ಲೇ ನಿಂತಳು. ಬಾಗಿ ನನ್ನ ಕಿವಿಯಲ್ಲಿ, “ಓದು. ನಾ ಇಲ್ಲೇ ಅದೀನಿ,” ಎಂದಳು.

ಓದಿದೆ. ನನ್ನ ಧ್ವನಿ ನನಗೇ ಕೇಳುವಷ್ಟಿತ್ತು. ಎರಡು ಸಾಲು ಆಗುವಷ್ಟರಲ್ಲಿ ಅಜ್ಜಿ, “ಜೋರಾಗಿ ಹೇಳಬೇ, ಕಥಿ ಹೇಳಾಕತ್ತೀಯೋ ಕೈಯಾಗಿನ ಉಗುರು ಕಡಿಯಾಕತ್ತೀಯೋ?” ಎಂದಳು. ಬಸ್ಸು ನಕ್ಕಿತು. ನಾನೂ ನಕ್ಕೆ, ಅಳುವೂ ಬಂದಿತ್ತು. ಮುಂದಿನ ಸಾಲು ಮುಂದಿನ ಸೀಟಿನವರೆಗೆ ಹೋಯಿತು. ತಿಂಗಳು ಕಳೆಯುವಷ್ಟರಲ್ಲಿ ಬಾಗಿಲ ತನಕ ಹೋಗುತ್ತಿತ್ತು. ಅವಸರ ಮಾಡಿದರೆ, ಯಾವುದಾದರೂ ಪ್ಯಾರಾ ನುಂಗಿದರೆ, ಹಿಂದಿನಿಂದ ಸಣ್ಣಗೆ ಸೀಟಿ ಕೇಳುತ್ತಿತ್ತು. ಡ್ರೈವರ್ ಎರಡು ಸಲ ಅದನ್ನು ಕೇಳಿ ಸುಮ್ಮನೆ ಬ್ರೇಕು ಹಾಕಿದ. ಮೂರನೆಯ ಸಲ ಅವನಿಗೂ ಫರಕ್ ಗೊತ್ತಾಯಿತು.

ಸಿನಿಮಾದ ದಿನ ಕೊನೆಗೂ ಗೊತ್ತಾಯಿತು. ನನ್ನ ಕೊನೆಯ ವರ್ಷ, ಮಳೆಗಾಲ ಮುಗಿದಿತ್ತು. ಪೋಸ್ಟರ್ ಬಿದ್ದ ದಿನದಿಂದ ಆಕೆ ಸಿಂಧನೂರಿನಲ್ಲಿ ಬಸ್ಸು ನಿಂತ ಕೂಡಲೇ ಟಾಕೀಸಿಗೆ ಹೋಗತೊಡಗಿದಳು. ತಿರುಗಿ ಹೊರಡುವ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಮ್ಯಾನೇಜರನ ಮೇಜಿನ ಮೇಲೆ ಒಂದು ಚೀಟಿ ಇಡುವುದು: ‘ಮೊದಲ ದಿನ, ಮೊದಲ ಆಟ, ಬಾಲ್ಕನಿಯ ಹಿಂದಿನ ಮೂರು ಸಾಲು, ಹೆಂಗಸರಿಗೆ.’ ಮ್ಯಾನೇಜರ್ ಓದುವುದು, ಆಗಲ್ಲ ಎನ್ನುವುದು. ಮರುದಿನ ಮತ್ತೆ ಅದೇ ಚೀಟಿ. ಹತ್ತು ದಿನ ಹೀಗೇ ನಡೆಯಿತು ಎಂದು ಗೊತ್ತಾದಾಗ ನಾನು ಹನ್ನೊಂದನೆಯ ದಿನ ಕ್ಲಾಸು ಬಿಟ್ಟು ಆಕೆಯ ಜೊತೆಗೆ ಹೋದೆ.

ಮ್ಯಾನೇಜರ್ ಕೆಟ್ಟವನಲ್ಲ, ಬೇಸತ್ತ ಮನುಷ್ಯ. ಚಹಾ ಕುಡಿಯುತ್ತಿದ್ದ. ಚೀಟಿಯನ್ನು ನೋಡದೆಯೇ ನನಗೆ ಹೇಳಿದ. “ನೋಡಮ್ಮ, ಇವರಿಗೆ ನೀನರ ಹೇಳು. ಪೈಲಾ ದಿನ ಹುಡುಗರು ಕುರ್ಚಿ ಮ್ಯಾಲೆ ನಿಂತು ಕುಣೀತಾರ. ನಿಮಗ ಏನರ ಆದ್ರ ಜವಾಬ್ದಾರಿ ಯಾರದು? ಮುಂದಿನ ವಾರ ಬರ್ರಿ, ಖಾಲಿ ಇರತೈತಿ, ಆರಾಮ ಕುಂತು ನೋಡ್ರಿ.”

ಕಂಡಕ್ಟರ್ ಅಕ್ಕ ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಹಳೆಯ ಪೋಸ್ಟರುಗಳನ್ನು ನೋಡುತ್ತ ಕುಳಿತಿದ್ದಳು. ನನ್ನ ಬಾಯಿಂದ ಮಾತು ಬಂದದ್ದು ನನಗೇ ಆಶ್ಚರ್ಯ.

“ಸರ್, ನಾವೂ ಎರಡು ವರ್ಷದಿಂದ ಕಾಯಾಕತ್ತೀವ್ರಿ. ಆ ಹುಡುಗರಿಗೆ ಹೀರೋನ ಹೆಸರು ಗೊತ್ತೈತಿ. ನಮಗ ಕಥಿ ಗೊತ್ತೈತಿ. ಮೊದಲು ನೋಡೋ ಹಕ್ಕು ಯಾರದು, ನೀವ ಹೇಳ್ರಿ. ಕುಣಿಯೋರನ್ನ ತಡಿಯೋದು ನಿಮ್ಮ ಕೆಲಸ ಆಗತೈತಿ, ನಮ್ಮನ್ನ ತಡಿಯೋದಲ್ಲ.”

ಅವನು ಚಹಾದ ಲೋಟ ಕೆಳಗಿಟ್ಟ. ಎಷ್ಟು ಜನ ಎಂದು ಕೇಳಿದ. ಇಪ್ಪತ್ತೆರಡು ಎಂದೆ. ಹಿಂದಿನ ಮೂರು ಸಾಲಿನ ನಂಬರು ಬರೆದುಕೊಂಡ. ಹೊರಗೆ ಬಂದ ಮೇಲೆ ಕಂಡಕ್ಟರ್ ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟು ಬಸ್ ನಿಲ್ದಾಣದವರೆಗೂ ತೆಗೆಯಲಿಲ್ಲ.

ನನ್ನ ಮನೆಯ ಒಪ್ಪಿಗೆ ಉಳಿದಿತ್ತು. ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಸಿನಿಮಾಕ್ಕೆ ಬಂದುಬಿಡುವುದು ಸುಲಭವಿತ್ತು. ಕಂಡಕ್ಟರ್ ಅಕ್ಕನಿಗೆ ಹಾಗೆ ಹೇಳಿದಾಗ ತಲೆ ಅಲ್ಲಾಡಿಸಿ, “ಸುಳ್ಳು ಹೇಳಿ ಬರಬ್ಯಾಡ. ಕೇಳಿ ಬಾ,” ಎಂದು ಪಿಸುಗುಟ್ಟಿದಳು. ಕೇಳಿದೆ. ಅಪ್ಪ ತಕ್ಕಡಿ ಒರೆಸುತ್ತಿದ್ದರು. “ಪೈಲಾ ಶೋಗೆ ನಮ್ಮ ಮನೆ ಹೆಣ್ಣುಮಕ್ಕಳು ಹೋಗತಾರೇನು?” ಎಂದರು, ಅಷ್ಟಕ್ಕೆ ಮಾತು ಮುಗಿಯಿತು ಎನ್ನುವ ಹಾಗೆ. ಒಳಗಿನಿಂದ ಅವ್ವ ಬಂದಳು. ರಾತ್ರಿ ಊಟದ ನಂತರ ಇರುಳಿನ ಕಥೆಯನ್ನು ನಾನು ಅವಳಿಗೆ ಹೇಳುತ್ತ ಬಂದಿದ್ದೆ. ಅವಳು ಅದನ್ನು ಅಷ್ಟು ಮನಸ್ಸಿಟ್ಟು ಕೇಳಿದ್ದಳು ಎಂದು ನನಗೆ ಗೊತ್ತಿರಲಿಲ್ಲ. “ಹೋಗತಾರ್ರಿ,” ಎಂದಳು ಅಪ್ಪನಿಗೆ. “ಆಕಿ ಒಬ್ಬಾಕಿನ ಅಲ್ಲ. ನಾನೂ ಹೋಗ್ತೀನಿ. ಆ ಪೆಟಗಿ ಹೆಂಗ ಐತಿ ನಾ ನೋಡಬೇಕು.”

ಅಪ್ಪ ತಕ್ಕಡಿ ಒರೆಸುವುದನ್ನು ನಿಲ್ಲಿಸಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಶುಕ್ರವಾರ ಕಂಡಕ್ಟರ್ ಅಕ್ಕ ರಜೆ ಹಾಕಿದ್ದಳು. ಖಾಕಿಯಿಲ್ಲದೆ ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಹಸಿರು ಇಳಕಲ್ ಸೀರೆ, ಕೊರಳಿಗೆ ಅದೇ ಪಂಜಿ. ಪ್ರಯಾಣಿಕರ ಹಾಗೆ ಸೀಟಿನಲ್ಲಿ ಕುಳಿತು ಬಂದಳು. ಬಳಗಾನೂರು ಕ್ರಾಸು ಬಂದಾಗ ಬುಟ್ಟಿಯ ಅಜ್ಜಿ ಇಳಿಯಲಿಲ್ಲ. ಆ ದಿನದ ಕೂಲಿಗೆ ಹೋಗುವುದಿಲ್ಲ ಎಂದು ಹಿಂದಿನ ದಿನವೇ ಹೇಳಿ ಬಂದಿದ್ದಳಂತೆ. ಬುಟ್ಟಿ ಮಾತ್ರ ಜೊತೆಗಿತ್ತು.

ಟಾಕೀಸಿನ ಮುಂದೆ ಡೊಳ್ಳು, ಬಣ್ಣ, ಹೊಗೆ. ಅವ್ವನೂ ಸೇರಿ ನಾವು ಇಪ್ಪತ್ತಮೂರು ಜನ ಒಬ್ಬರ ಸೆರಗು ಒಬ್ಬರು ಹಿಡಿದು ಗೋಡೆಯ ಬದಿಯಿಂದ ನಡೆದೆವು. ಮ್ಯಾನೇಜರ್ ಬಾಗಿಲಲ್ಲಿ ತಾನೇ ನಿಂತು ದಾರಿ ಬಿಡಿಸಿದ. ಒಳಗೆ ದೀಪ ಆರುತ್ತಲೇ ಕೆಳಗಿನಿಂದ, ನಮ್ಮ ಮುಂದಿನ ಸಾಲುಗಳಿಂದ ಸೀಟಿಗಳ ಮಳೆ ಶುರುವಾಯಿತು. ಕಿವಿ ಮುಚ್ಚಿಕೊಳ್ಳಬೇಕು, ಅಷ್ಟು. ಆಗ ನನ್ನ ಪಕ್ಕದಿಂದ ಒಂದು ಉದ್ದನೆಯ, ಗಟ್ಟಿ ಸೀಟಿ ಎದ್ದಿತು. ಬಸ್ಸಿನ ಸೀಟಿ. ಅಷ್ಟೂ ಹುಡುಗರು ಗಪ್ಪಾಗಿ ಹಿಂದೆ ತಿರುಗಿದರು. ಕಂಡಕ್ಟರ್ ಅಕ್ಕ ಸೀಟಿಯನ್ನು ಬಾಯಿಂದ ತೆಗೆದು, ಕೈಯಿಂದ ‘ಕುಂದ್ರಿ’ ಎಂದು ಸನ್ನೆ ಮಾಡಿದಳು. ನಮ್ಮ ಮುಂದಿನ ಕೆಲವು ಸಾಲು ನಿಜವಾಗಿಯೂ ಕುಳಿತವು. ನಮ್ಮ ಮೂರು ಸಾಲಿನ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಸಿನಿಮಾ... ಹೇಗೆ ಹೇಳಲಿ? ಟಗರು ಇರಲಿಲ್ಲ. ಅದರ ಬದಲು ಒಂದು ಬಿಳಿ ಕುದುರೆ, ಅದು ಸುಳ್ಳೂ ಹೇಳುತ್ತಿರಲಿಲ್ಲ, ನಿಜವೂ ಹೇಳುತ್ತಿರಲಿಲ್ಲ. ಸೊಸೆಗೆ ಒಬ್ಬ ಹೀರೋ ಸಿಕ್ಕಿದ್ದ. ದಾರಿ ಎಲ್ಲ ಅವನಿಗೇ ಗೊತ್ತಿತ್ತು. ಮಧ್ಯಂತರದ ದೀಪ ಹತ್ತಿದಾಗ ಅಜ್ಜಿ ಎದ್ದು ನಿಂತು ಕಂಡಕ್ಟರ್ ಅಕ್ಕನನ್ನು ಕೇಳಿದಳು.

“ಅತ್ತಿ ಎಲ್ಲಿ?”

ಆಕೆ ಕೊರಳಿನ ಪಂಜಿ ಸರಿಮಾಡಿಕೊಂಡಳು.

“ಅಲ್ಲಬೇ, ಬಾಗಿಲು ಕಾಯೋನ ಕೂಡ ಚೌಕಾಶಿ ಮಾಡಿ ಸೊಸಿನ್ನ ಒಳಗ ಬಿಡಸಾಕಿ ಅಕಿ. ಅಕಿ ಇಲ್ಲಂದ್ರ ಇವರು ಒಳಗ ಹೆಂಗ ಹ್ವಾದ್ರು? ಮುದುಕಿ ಅಂತ ಕೈಬಿಟ್ಟಾರೇನು?”

ನನಗೆ ಕಂಡಕ್ಟರ್ ಅಕ್ಕನ ಮುಖ ನೋಡಲು ಆಗಲಿಲ್ಲ. ಇಷ್ಟು ವರ್ಷ ಕಾದದ್ದು, ಧ್ವನಿ ಸವೆಸಿದ್ದು ಇದಕ್ಕೇನು ಎಂದು ನನ್ನೊಳಗೆ ಕುದಿಯುತ್ತಿತ್ತು. ಎದ್ದು ಹೋಗೋಣ ಎಂದೆ. ಆಕೆ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

ಎರಡನೆಯ ಅರ್ಧದಲ್ಲಿ ಒಂದು ಜಾಗ ಬಂತು. ನೆರಳೇ ಇಲ್ಲದ ಬಯಲು. ನಿದ್ದೆ ಕಾಣದ ಜನ ಸಾವಿರ ಸಾವಿರ ನಡೆಯುತ್ತಿದ್ದಾರೆ. ಮಾತಿಲ್ಲ, ಹಾಡಿಲ್ಲ. ಒಬ್ಬ ತಾಯಿ ತನ್ನ ಅಂಗೈಯನ್ನು ಮಗುವಿನ ಕಣ್ಣಿನ ಮೇಲೆ ಹಿಡಿದು, ಅಷ್ಟು ಸಣ್ಣ ಕತ್ತಲೆಯಲ್ಲಿ ಅದನ್ನು ಮಲಗಿಸುತ್ತಾಳೆ. ಪುಸ್ತಕದಲ್ಲಿ ಎರಡೇ ಸಾಲು ಇದ್ದ ಸಂಗತಿ ಅದು. ಕೆಳಗಿನ ಹುಡುಗರೂ ಸದ್ದು ನಿಲ್ಲಿಸಿದ್ದರು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಆಕೆಯ ಬಾಯಿ ನನ್ನ ಕಿವಿಯ ಹತ್ತಿರ ಬಂತು.

“ನನಗ ಹಿಂಗ ಕಂಡಿತ್ತು. ಬರಾಬರ್ ಹಿಂಗ.”

ತೆರೆಯ ಬೆಳಕಿನಲ್ಲಿ ಆಕೆಯ ಕೆನ್ನೆ ಒದ್ದೆಯಾಗಿದ್ದು ಕಾಣುತ್ತಿತ್ತು. ಇರುಳಿನ ಪೆಟ್ಟಿಗೆ ಸಿಗುವ ಮೊದಲೇ ಸಿನಿಮಾ ಮುಗಿಯಿತು. ಮುಂದಿನದು ಎರಡನೆಯ ಭಾಗದಲ್ಲಿ ಎಂದು ತೆರೆಯ ಮೇಲೆ ಬಂತು. ಅವ್ವ, “ಪೆಟಗಿ ತೋರಿಸಲೇ ಇಲ್ಲಲ್ಲ,” ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು.

ಮರುದಿನ ಬಸ್ಸಿನಲ್ಲಿ ಸಂತೆಯಷ್ಟು ಗದ್ದಲ. ಅತ್ತೆಯನ್ನು ಬಿಟ್ಟದ್ದು ತಪ್ಪು ಎನ್ನುವವರು, ಕುದುರೆ ಚಂದವಿತ್ತು ಎನ್ನುವವರು, ಬರೀ ಬಯಲಿನ ಭಾಗ ನೋಡಲು ಇನ್ನೊಮ್ಮೆ ಹೋಗಬೇಕು ಎನ್ನುವವರು. ಖಾಕಿ ತೊಟ್ಟು ಬಂದಿದ್ದ ಕಂಡಕ್ಟರ್ ಅಕ್ಕ ಎಲ್ಲವನ್ನೂ ಕೇಳಿ, ಟಿಕೆಟಿನ ಹಿಂಬದಿಯಲ್ಲಿ ಏನೋ ಬರೆದು ನನಗೆ ಓದಲು ಕೊಟ್ಟಳು. ನಾನು ಎದ್ದು ನಿಂತು ಓದಿದೆ. ‘ಅವರಿಗೆ ಸಿಕ್ಕಷ್ಟು ಅವರು ತೋರಿಸ್ಯಾರ. ಉಳಿದದ್ದು ನಮ್ಮ ಕಡೆ ಐತಿ. ಎರಡನೇ ಭಾಗಕ್ಕೂ ಎಲ್ಲಾರೂ ಹೋಗೂಣು.’ ಅದರ ಕೆಳಗೆ ಇನ್ನೊಂದು ಸಾಲು, ನನಗಾಗಿ: ‘ಅತ್ತಿ ಇದ್ದ ಅಧ್ಯಾಯ ತಗಿ.’ ತೆಗೆದೆ. ಅಜ್ಜಿ ಕ್ರಾಸಿನಲ್ಲಿ ಇಳಿಯುವಾಗ ಸಮಾಧಾನವಾಗಿದ್ದಳು.

ಡಿಗ್ರಿ ಮುಗಿಸಿ ನಾನು ರಾಯಚೂರಿಗೆ ಲ್ಯಾಬ್ ಕೆಲಸ ಕಲಿಯಲು ಹೋದೆ. ಮರುವರ್ಷ ಆಕೆಯೂ ರಾಯಚೂರಿಗೆ ಬಂದಳು, ಕೆಲಸಕ್ಕಲ್ಲ. ಗಂಟು ತಿರುಗಿ ಬಂದಿತ್ತು. ಭಾನುವಾರ ದವಾಖಾನೆಗೆ ಹೋಗಿ ಆಕೆಯ ಮಂಚದ ಪಕ್ಕ ಕುಳಿತು ಮೂರನೆಯ ಸಂಪುಟದಿಂದ ಮುಂದಕ್ಕೆ ಓದುತ್ತಿದ್ದೆ. ಪಕ್ಕದ ಮಂಚದವರು, ನರ್ಸುಗಳು ಕೇಳಲು ಬರುತ್ತಿದ್ದರು. ಪಿಸುಮಾತೂ ಆಗ ಹೋಗಿತ್ತು. ಒಂದು ಭಾನುವಾರ ಚೀಟಿಯಲ್ಲಿ ‘ಎರಡನೇ ಭಾಗ ಯಾವಾಗ?’ ಎಂದು ಬರೆದಳು. ಮುಂದಿನ ತಿಂಗಳು ಎಂದುಬಿಡಬಹುದಿತ್ತು. ಅಷ್ಟು ನೇರವಾಗಿ ನೋಡುತ್ತಿದ್ದ ಕಣ್ಣಿಗೆ ಸುಳ್ಳು ಹೇಳಲು ಆಗಲಿಲ್ಲ. “ಇನ್ನೂ ಗೊತ್ತಿಲ್ಲಕ್ಕ. ದುಡ್ಡಿಲ್ಲ ಅಂತ ಶೂಟಿಂಗ್ ನಿಲ್ಲಿಸ್ಯಾರಂತ,” ಎಂದೆ. ಆಕೆ ಮತ್ತೆ ಪೆನ್ನು ಹಿಡಿದಳು. ಬರೆದದ್ದು ಎರಡೇ ಮಾತು: ‘ಬರ್ಲಿ. ಸೀಟ್ ಹಿಡಿ.’

ಪರೀಕ್ಷೆ ಎಂದು ಮುಂದಿನ ಎರಡು ಭಾನುವಾರ ನಾನು ಹೋಗಲಿಲ್ಲ. ಮೂರನೆಯ ಭಾನುವಾರ ಹೋದಾಗ ಮಂಚದಲ್ಲಿ ಬೇರೆ ಯಾರೋ ಇದ್ದರು. ಊರಿಗೆ ಕರೆದುಕೊಂಡು ಹೋಗಿದ್ದರಂತೆ. ಆಕೆ ಹೋದ ಸುದ್ದಿ ನನಗೆ ತಿಳಿದದ್ದು ಮಣ್ಣು ಕೊಟ್ಟು ಹತ್ತು ದಿನವಾದ ಮೇಲೆ, ಅದೇ ಬಸ್ಸಿನಲ್ಲಿ, ಡ್ರೈವರನ ಬಾಯಿಂದ. ಆ ಎರಡು ಭಾನುವಾರಗಳು... ಅವುಗಳ ಬಗ್ಗೆ ಯಾರ ಹತ್ತಿರವೂ ನಾನು ಮಾತಾಡಿಲ್ಲ. ಕೊನೆಯ ಸಂಪುಟದ ಹನ್ನೆರಡು ಅಧ್ಯಾಯ ಉಳಿದಿದ್ದವು. ಆಕೆಗೆ ಬಾಯಿಪಾಠವಿತ್ತು, ಸರಿ. ಆದರೂ ಓದಬೇಕಾಗಿತ್ತು.

ಪುಸ್ತಕಗಳನ್ನು ಆಕೆಯ ತಾಯಿ ನನಗೇ ಕೊಟ್ಟರು. ಮಗಳು ಹಾಗೆ ಬರೆದಿಟ್ಟಿದ್ದಳಂತೆ.

ಈಗ ನನಗೆ ಮಸ್ಕಿಯಲ್ಲೇ ಮನೆ. ಲಿಂಗಸುಗೂರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಪೋಸ್ಟರ್ ನೋಡಿದ ಆ ದಿನ ಒಂದು ಗಂಟೆ ತಡವಾಗಿ ಹೋಗಿ ಮಾತು ಕೇಳಿಸಿಕೊಂಡೆ. ಸಂಜೆ ಸಿಂಧನೂರಿನ ಟಾಕೀಸಿಗೆ ಫೋನು ಮಾಡಿದೆ. ಹಳೆಯ ಮ್ಯಾನೇಜರ್ ಇಲ್ಲ. ಹೊಸಬ, ಎಲ್ಲ ಮೊಬೈಲಿನಲ್ಲೇ ಬುಕ್ ಮಾಡಬೇಕು ಮೇಡಂ, ಮೊದಲ ಆಟ ಅಭಿಮಾನಿ ಸಂಘದವರಿಗೆ ಕೊಟ್ಟಾಗಿದೆ ಎಂದ. ಮರುದಿನ ರಜೆ ಹಾಕಿ ಸಿಂಧನೂರಿಗೆ ಹೋಗಿ ಅವನ ಮೇಜಿನ ಮುಂದೆ ಕುಳಿತೆ. ಅದರ ಮರುದಿನವೂ ಹೋದೆ. ಹಿಂದಿನ ಎರಡು ಸಾಲು ಸಿಕ್ಕಿತು.

ಬುಟ್ಟಿಯ ಅಜ್ಜಿಗೆ ಈಗ ಮೊಣಕಾಲು ಏಳುವುದಿಲ್ಲ, ಆದರೂ ಬರುತ್ತಾಳೆ. ಆಟೋದಲ್ಲಿ ಕರೆತರುವುದು ನನ್ನ ಹೊಣೆ. ಅವ್ವ ಬರುತ್ತಾಳೆ. ಉಳಿದ ಸೀಟಿಗೆ ಹೊಸಬರು ಬೇಕಿತ್ತು. ಹೊಸಬರಿಗೆ ಕಥೆ ಗೊತ್ತಿರಬೇಕಲ್ಲ. ಹಾಗಾಗಿ ನಿನ್ನೆ ಬೆಳಿಗ್ಗೆ ಲಿಂಗಸುಗೂರಿನ ಬಸ್ಸಿನಲ್ಲಿ ಎದ್ದು ನಿಂತೆ. ಕಂಡಕ್ಟರ್ ಒಬ್ಬ ತರುಣ. ಅವನ ಒಪ್ಪಿಗೆ ಕೇಳಿದೆ. ಏನು ಮಾರುತ್ತೀರಿ ಮೇಡಂ ಎಂದ. ಏನೂ ಇಲ್ಲ ಎಂದೆ. ಎಲ್ಲರ ಮುಖ ಮೊಬೈಲಿನಲ್ಲಿತ್ತು. ನಾನು ರಾಣಿಯಿಂದ ಶುರು ಮಾಡಿದೆ. ಸತ್ತ ಮಗುವಿನ ಹತ್ತಿರ ಬರುವಷ್ಟರಲ್ಲಿ ಐದಾರು ಮುಖ ಮೇಲೆದ್ದಿದ್ದವು. ಗುರುಗುಂಟಾಕ್ಕೆ ಹೋಗುವ, ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬಾಕೆ ಮುಂದಿನ ಸೀಟಿಗೆ ಬಂದು ಕುಳಿತಳು.

ಲಿಂಗಸುಗೂರು ಹತ್ತಿರವಾದಾಗ ಆಕೆ ಕೇಳಿದಳು. “ಈ ಕಥಿ ನಿಮಗ ಯಾರು ಹೇಳಿದ್ರೀ ಅಕ್ಕಾರ?”

“ಕಂಡಕ್ಟರ್,” ಎಂದೆ.

ಆಕೆ ತಿರುಗಿ ಬಾಗಿಲಲ್ಲಿ ನಿಂತಿದ್ದ ತರುಣನನ್ನು ನೋಡಿದಳು.

“ಇವರಲ್ಲ,” ಎಂದೆ. ಹೊರಗೆ ತೊಗರಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ನಾನು ನೀರು ಕುಡಿದು, ಕಂಬಿ ಹಿಡಿದು, ಸೊಸೆ ಮನೆಯ ಬಾಗಿಲು ಎಳೆದುಕೊಂಡು ಹೊರಟ ಭಾಗವನ್ನು ಹೇಳತೊಡಗಿದೆ. ನಿಲ್ದಾಣಕ್ಕೆ ಇನ್ನು ಹತ್ತು ನಿಮಿಷವಿತ್ತು. ಅಷ್ಟರಲ್ಲಿ ಕಥೆಯೊಳಕ್ಕೆ ಅತ್ತೆಯನ್ನು ಕರೆತರಬೇಕಿತ್ತು.